ಶುಕ್ರವಾರದೊಳಗೆ ನೆಮ್ಮದಿಯಾಗಿರಿ, ಇಲ್ಲದಿದ್ದರೆ ಎಸ್ಕಲೇಷನ್

ಅಕ್ಟೋಬರ್ 10 ಹತ್ತಿರ ಬಂತು ಅಂದರೆ ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಆಫೀಸುಗಳಿಗೆ ಉದ್ಯೋಗಿಗಳಿಗೂ ಮನಸ್ಸು ಅಂತ ಒಂದಿದೆ ಅನ್ನುವುದು ನೆನಪಾಗುತ್ತದೆ. ಅವತ್ತು ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ನಡೆದುಕೊಂಡು ಬಂದಿದೆ. ಲಿಫ್ಟ್ ಪಕ್ಕ ಹಸಿರು ಬಲೂನು, ರಿಸೆಪ್ಷನ್‌ನಲ್ಲಿ ಹಸಿರು ರಿಬ್ಬನ್, ಕೆಫೆಟೇರಿಯಾದಲ್ಲಿ ಹಸಿರು ಕ್ರೀಮ್ ಮೆತ್ತಿದ ಕೇಕು. ಕೇಕಿನ ಮೇಲೆ ‘ನೀವು ಒಂಟಿಯಲ್ಲ’ ಅಂತ ಬರೆದಿರುತ್ತದೆ. ಸುಳ್ಳೇನಲ್ಲ. ರಾತ್ರಿ ಹನ್ನೊಂದೂವರೆಗೂ ಮ್ಯಾನೇಜರ್ ವಾಟ್ಸ್ಯಾಪ್‌ನಲ್ಲಿ ಜೊತೆಗೇ ಇರುತ್ತಾರೆ.

ಕೇಕ್ ತಿಂದು ಸೀಟಿಗೆ ಬರುವಷ್ಟರಲ್ಲಿ ಮೇಲ್ ಬಂದಿರುತ್ತದೆ. ‘ಒತ್ತಡ ನಿಭಾಯಿಸುವುದು ಹೇಗೆ’ ಅನ್ನುವ ಕೋರ್ಸ್. ಎಲ್ಲರಿಗೂ ಕಡ್ಡಾಯ. ಶುಕ್ರವಾರದೊಳಗೆ ಮುಗಿಸದಿದ್ದರೆ ರಿಮೈಂಡರ್, ಆಮೇಲೆ ಮ್ಯಾನೇಜರ್‌ಗೆ ಸಿಸಿ, ಆಮೇಲೆ ಅವರ ಮ್ಯಾನೇಜರ್‌ಗೆ ಸಿಸಿ. ಒತ್ತಡದ ಕೋರ್ಸ್ ಬಾಕಿ ಇದೆಯಲ್ಲ ಅಂತ ಜನ ಗುರುವಾರ ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ವಿಡಿಯೊ ಮುಂದಕ್ಕೆ ಓಡಿಸುವ ಹಾಗಿಲ್ಲ. ಹಾಗಾಗಿ ಅದನ್ನು ಮ್ಯೂಟ್ ಮಾಡಿ ಒಂದು ಕಿಟಕಿಯಲ್ಲಿ ಬಿಟ್ಟು, ಇನ್ನೊಂದರಲ್ಲಿ ಕೆಲಸ ಮಾಡುತ್ತಾರೆ. ಕೊನೆಯಲ್ಲಿ ಪರೀಕ್ಷೆ ಬೇರೆ. ‘ನಿಮ್ಮ ಸಹೋದ್ಯೋಗಿ ಸದಾ ದಣಿದಂತೆ ಕಂಡರೆ ಏನು ಮಾಡುತ್ತೀರಿ?’ ನಾಲ್ಕು ಉತ್ತರ ಇರುತ್ತವೆ. ಮುಗುಳ್ನಗಿ, ಕಾಫಿಗೆ ಕರೆಯಿರಿ, ಉಸಿರಾಟದ ವ್ಯಾಯಾಮ ಹೇಳಿಕೊಡಿ, ಎಚ್‌ಆರ್‌ಗೆ ತಿಳಿಸಿ. ಅವನ ಕೆಲಸ ಸ್ವಲ್ಪ ಕಡಿಮೆ ಮಾಡಿ ಅನ್ನುವುದು ಅದರಲ್ಲಿ ಇರಲ್ಲ.

ಧ್ಯಾನವೂ ಇದೆ. ಮಧ್ಯಾಹ್ನ ಒಂದು ಗಂಟೆಗೆ. ಕೆಲಸದ ಹೊತ್ತಿಗೆ ತೊಂದರೆ ಆಗಬಾರದು, ಅಲ್ವಾ? ಅದಕ್ಕೇ ಊಟದ ಹೊತ್ತಿಗೆ ಇಟ್ಟಿದ್ದಾರೆ. ಕಣ್ಣು ಮುಚ್ಚಿ, ಯೋಚನೆಗಳು ಮೋಡದ ಹಾಗೆ ಹಾದುಹೋಗಲಿ ಬಿಡಿ ಅನ್ನುತ್ತಾರೆ ಗುರುಗಳು. ಹಿಂದಿನ ಸಾಲಿನವನ ಯೋಚನೆ ಕ್ಲೌಡ್‌ನಲ್ಲೇ ಇರುತ್ತದೆ, ಆದರೆ ಹಾದುಹೋಗುತ್ತಿಲ್ಲ. ಸರ್ವರ್ ಡೌನ್. ‘ಸಾರಿ, ಪ್ರೊಡಕ್ಷನ್ ಇಶ್ಯೂ’ ಅಂತ ಪಿಸುಗುಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಎದ್ದು ಓಡುತ್ತಾನೆ. ಗುರುಗಳಿಗೂ ಅಭ್ಯಾಸವಾಗಿದೆ, ಕಣ್ಣು ಬಿಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸರ್ವೆ. ‘ನಿಮ್ಮ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಮನಸ್ಸು ಬಿಚ್ಚಿ ಹೇಳಿ.’ ಲಿಂಕ್ ಒತ್ತಿದರೆ ಮೊದಲು ಉದ್ಯೋಗಿ ಐಡಿ ಕೇಳುತ್ತದೆ. ಆಮೇಲೆ ಟೀಮ್ ಯಾವುದು, ವಯಸ್ಸೆಷ್ಟು, ಗಂಡೋ ಹೆಣ್ಣೋ. ಐದು ಜನರ ಟೆಸ್ಟಿಂಗ್ ಟೀಮ್‌ನಲ್ಲಿ ಇರುವುದು ಒಬ್ಬಳೇ ಹುಡುಗಿ. ಮಾರನೇ ದಿನ ಮ್ಯಾನೇಜರ್ ಅವಳನ್ನೇ ಪಕ್ಕಕ್ಕೆ ಕರೆಯುತ್ತಾರೆ. ‘ಯಾರು ಬರೆದಿದ್ದು ಅಂತ ನಾನು ಕೇಳಲ್ಲಮ್ಮ. ನಿನಗೇನಾದ್ರೂ ಪ್ರಾಬ್ಲಂ ಇದೆಯಾ?’

ಈ ಊರಿನಲ್ಲೇ ಮನಸ್ಸಿನ ಕಾಯಿಲೆಗೆ ಹೆಸರಾದ ನಿಮ್ಹಾನ್ಸ್ ಆಸ್ಪತ್ರೆ ಇದೆ. ದೇಶದ ಮೂಲೆ ಮೂಲೆಯಿಂದ ಜನ ರೈಲು ಹತ್ತಿಕೊಂಡು ಹೊಸೂರು ರಸ್ತೆಯ ಆ ಗೇಟಿಗೆ ಬರುತ್ತಾರೆ. ನಮ್ಮ ಪಾಲಿಗೆ ಮಾತ್ರ ಅದು ಬೈಗುಳ. ಜಾಗೃತಿ ಭಾಷಣಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದವರೇ ಲಿಫ್ಟ್‌ನಲ್ಲಿ, ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ’ ಅಂತ ನಗುತ್ತಾರೆ. ಇದನ್ನು ಕೇಳಿಸಿಕೊಂಡವನು ರಜೆಯ ಅರ್ಜಿಯಲ್ಲಿ ನಿಜ ಬರೆಯುತ್ತಾನಾ? ವೈರಲ್ ಫೀವರ್ ಅಂತ ಬರೆಯುತ್ತಾನೆ. ಬೆಂಗಳೂರಿನ ಐಟಿಯವರಿಗೆ ವರ್ಷವಿಡೀ ಇಷ್ಟೊಂದು ವೈರಲ್ ಫೀವರ್ ಯಾಕೆ ಅಂತ ಯಾವ ಎಚ್‌ಆರ್‌ಗೂ ಇನ್ನೂ ಅನುಮಾನ ಬಂದಿಲ್ಲ.

ವಿಮೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುವ ಪಾಲಿಸಿಗಳೇ ಜಾಸ್ತಿ. ವಾರ ವಾರ ಕೌನ್ಸೆಲಿಂಗ್‌ಗೆ ಹೋಗುವ ಖರ್ಚು ನಿಮ್ಮದೇ. ಪೂರ್ತಿ ಕುಸಿದ ಮೇಲೆ ಬನ್ನಿ, ನೋಡೋಣ ಅಂದ ಹಾಗೆ.

ಇನ್ನು ದೊಡ್ಡವರು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಗೆ ಬಂತು. ಹರಾಜು ಎಲ್ಲಿಗೆ ನಿಲ್ಲುತ್ತದೋ ನೋಡಬೇಕು. ವಾರದಲ್ಲಿ ಇರುವುದೇ 168 ಗಂಟೆ. ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ಮಾನಸಿಕ ಆರೋಗ್ಯ ದಿನದ ವಿಷಯವೇ ಕೆಲಸದ ಜಾಗದ ಮಾನಸಿಕ ಆರೋಗ್ಯ. ಅದೇ ವರ್ಷ ಜುಲೈನಲ್ಲಿ ಐಟಿಯವರನ್ನು ದಿನಕ್ಕೆ 14 ಗಂಟೆವರೆಗೂ ದುಡಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಸುದ್ದಿಯಾಗಿತ್ತು. ಗಲಾಟೆ ಎದ್ದಿತು, ಪ್ರಸ್ತಾಪ ಮೂಲೆಗೆ ಹೋಯಿತು. 2025ರ ಜೂನ್‌ನಲ್ಲಿ ಮತ್ತೆ ಬಂತು, ಈ ಸಲ ಸ್ವಲ್ಪ ಸಣ್ಣಗಾಗಿ: ದಿನಕ್ಕೆ 9ರ ಬದಲು 10 ಗಂಟೆ, ಓವರ್‌ಟೈಮ್ ಸೇರಿದರೆ 12. ಇದರ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವ ಹೊತ್ತನ್ನು ಯಾರೂ ಲೆಕ್ಕ ಹಾಕುವುದಿಲ್ಲ ಬಿಡಿ.

ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದು ಎಲ್ಲ ಆಫೀಸಿನ ಮೊದಲ ಸ್ಲೈಡ್. ನಷ್ಟದ ಲೆಕ್ಕ ನೋಡಿ, ಬೇಗ ಅರ್ಥವಾಗುತ್ತದೆ. ವಿಪರೀತ ಕೆಲಸ, ಉದ್ದುದ್ದ ಪಾಳಿಗಳೇ ಮನಸ್ಸು ಕೆಡಿಸುತ್ತವೆ, ಮ್ಯಾನೇಜರ್‌ಗಳಿಗೂ ತರಬೇತಿ ಕೊಡಿ ಅಂತ ಅದೇ ಸಂಸ್ಥೆ 2022ರಲ್ಲಿ ಹೇಳಿದ್ದು ಯಾವ ಸ್ಲೈಡಿಗೂ ಬಂದಿಲ್ಲ. ಬೆಂಕಿ ಹಚ್ಚಿದವರೇ ಸಾಲಾಗಿ ನಿಲ್ಲಿಸಿ ಬರ್ನಾಲ್ ಹಂಚುತ್ತಿದ್ದಾರೆ. ತೆಗೆದುಕೊಂಡಿದ್ದಕ್ಕೆ ಸಹಿ ಬೇಕು.

ಹಾಗಂತ ಸಹಾಯವೇ ಇಲ್ಲ ಅಂತಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಪುಕ್ಕಟೆ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉದ್ಯೋಗಿ ಐಡಿ ಕೇಳುವುದಿಲ್ಲ. ಲಿಫ್ಟ್ ಪಕ್ಕದ ಪೋಸ್ಟರ್‌ನಲ್ಲಿ ಇದೊಂದು ನಂಬರ್ ಹಾಕಿ ಅಂತ ಯಾರಾದರೂ ಕೇಳಿ ನೋಡಲಿ. ಫಾಂಟು, ಬಣ್ಣಕ್ಕೆಲ್ಲ ಬ್ರ್ಯಾಂಡಿಂಗ್ ಟೀಮ್ ಅಪ್ರೂವಲ್ ಬೇಕು ಅನ್ನುತ್ತಾರೆ. ಆ ಟೀಮ್‌ನಲ್ಲಿ ಅಪ್ರೂವ್ ಮಾಡಬೇಕಾದವರು ಸದ್ಯ ರಜೆಯಲ್ಲಿದ್ದಾರೆ, ವೈರಲ್ ಫೀವರ್ ಅಂತೆ.