ಸಾವಿರ ಪಾಯಿಂಟಿನ ಪುಸ್ತಕ

ಕಮ್ಯುನಿಸಂ ಬಿದ್ದ ಮೇಲೆ ಪೂರ್ವ ಯುರೋಪಿನ ದೇಶಗಳು ಯಾಕೆ ಅಷ್ಟು ತಿಣುಕಾಡಿದವು ಅಂತ ಚರ್ಚೆ ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತೆ: ‘ಅಲ್ಲಿನ ಜನಕ್ಕೆ ಪ್ರಜಾಪ್ರಭುತ್ವದ ಅಭ್ಯಾಸ ಇರಲಿಲ್ಲ.’ ಇದು ಸೋಮಾರಿ ಉತ್ತರ. ಜೆಕೊಸ್ಲೊವಾಕಿಯಾದವರು ಎರಡು ಮಹಾಯುದ್ಧಗಳ ನಡುವೆ ಇಪ್ಪತ್ತು ವರ್ಷ ಸಂಸದೀಯ ವ್ಯವಸ್ಥೆ ನಡೆಸಿದವರು. 1990ರ ಜೂನ್‌ನಲ್ಲಿ ಮೊದಲ ಮುಕ್ತ ಚುನಾವಣೆ ಆದಾಗ ನೂರಕ್ಕೆ 96 ಜನ ಮತ ಹಾಕಿದರು. ಓಟು ಹಾಕೋದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ: ಇಡೀ ದೇಶದ ಕಾರ್ಖಾನೆಗಳು ಸರ್ಕಾರದ್ದೇ ಆಗಿರುವಾಗ ಅವನ್ನು ಯಾರಿಗೆ ಕೊಡೋದು, ಹೇಗೆ ಕೊಡೋದು?

ಅಂಗಡಿ, ಹೋಟೆಲುಗಳ ವಿಷಯ ಸುಲಭ. 1991ರ ಜನವರಿಯಿಂದ ಹರಾಜು ಹಾಕಿದರು, ಹೋದವು. ಕಷ್ಟ ಇದ್ದದ್ದು ದೊಡ್ಡ ಕಾರ್ಖಾನೆಗಳದ್ದು. ಹಣಕಾಸು ಮಂತ್ರಿ ವಾತ್ಸ್ಲಾಫ್ ಕ್ಲೌಸ್ ಹಿಡಿದ ದಾರಿ ಕೂಪನ್. ವಯಸ್ಕ ಪ್ರಜೆ ಯಾರೇ ಆಗಲಿ 35 ಕೊರುನಾ (ಅಲ್ಲಿನ ನಾಣ್ಯ) ಕೊಟ್ಟು ಕೂಪನ್ ಪುಸ್ತಕ ಕೊಳ್ಳಬೇಕು, ಅದಕ್ಕೆ 1,000 ಕೊರುನಾದ ಸ್ಟ್ಯಾಂಪ್ ಹಚ್ಚಿ ನೋಂದಾಯಿಸಬೇಕು. ಒಟ್ಟು ಖರ್ಚು ಸರಾಸರಿ ತಿಂಗಳ ಸಂಬಳದ ಕಾಲುಭಾಗಕ್ಕಿಂತ ಚೂರು ಜಾಸ್ತಿ. ಬದಲಿಗೆ ಸಿಗೋದು 1,000 ಪಾಯಿಂಟು. ಅದನ್ನು ದುಡ್ಡಿನಂತೆ ಬಳಸಿ ಕಂಪನಿಗಳ ಷೇರಿಗೆ ಬೇಡಿಕೆ ಸಲ್ಲಿಸಬಹುದು.

ಹರಾಜಿನ ಲೆಕ್ಕ ಚೊಕ್ಕವಾಗಿತ್ತು ಅಂತ ಒಪ್ಪಲೇಬೇಕು. ಮೊದಲ ಸುತ್ತಿನಲ್ಲಿ ಎಲ್ಲ ಕಂಪನಿಗೂ ಒಂದೇ ಬೆಲೆ: 100 ಪಾಯಿಂಟಿಗೆ 3 ಷೇರು. ಬೇಡಿಕೆ ಕಮ್ಮಿ ಬಂದರೆ ಕೇಳಿದವರಿಗೆಲ್ಲ ಷೇರು ಕೊಟ್ಟು, ಉಳಿದದ್ದರ ಬೆಲೆ ಮುಂದಿನ ಸುತ್ತಿಗೆ ಇಳಿಸುವುದು. ಬೇಡಿಕೆ ಸ್ವಲ್ಪ ಮಿತಿ ಮೀರಿದರೆ ಫಂಡ್‌ಗಳ (ಜನರ ಪಾಯಿಂಟು ಒಟ್ಟುಗೂಡಿಸಿ ಅವರ ಪರವಾಗಿ ಷೇರು ಕೊಳ್ಳುವ ಸಂಸ್ಥೆಗಳ) ಪಾಲನ್ನು ಕತ್ತರಿಸಿ ಜನಸಾಮಾನ್ಯರಿಗೆ ಕೊಡುವುದು. ಬಹಳ ಮೀರಿದರೆ ಯಾರಿಗೂ ಇಲ್ಲ, ಪಾಯಿಂಟು ವಾಪಸ್, ಬೆಲೆ ಏರಿಕೆ. 1992ರಲ್ಲಿ ಹೀಗೆ ಐದು ಸುತ್ತು ನಡೆದು ಸುಮಾರು 1,500 ಕಂಪನಿಗಳ ಷೇರು 85 ಲಕ್ಷ ಜನರ ನಡುವೆ ಹಂಚಿಹೋಯಿತು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಸಿಗೋದು ಕಷ್ಟ.

ಆದರೆ 1,500 ಕಂಪನಿಗಳ ಪಟ್ಟಿ ಮುಂದಿಟ್ಟುಕೊಂಡ ಒಬ್ಬ ಪಿಂಚಣಿದಾರ ಏನು ಮಾಡಬೇಕು? ನಂಬುವಂಥ ಆಡಿಟ್ ವರದಿಯಿಲ್ಲ. ಹಳೇ ಲೆಕ್ಕಪತ್ರಗಳೆಲ್ಲ ಯೋಜನಾ ಆಯೋಗಕ್ಕಾಗಿ ಬರೆದವು, ಲಾಭ ನಷ್ಟ ತಿಳಿಯಲು ಅಲ್ಲ. ಈ ಸಂದಿಯಲ್ಲೇ ಫಂಡ್‌ಗಳು ನುಗ್ಗಿದವು. ಪ್ರಸಿದ್ಧವಾದದ್ದು ವಿಕ್ಟರ್ ಕೋಜೆನಿಯ ಹಾರ್ವರ್ಡ್ ಕ್ಯಾಪಿಟಲ್ (ಆ ವಿಶ್ವವಿದ್ಯಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ, ಮಾಲೀಕ ಅಲ್ಲಿ ಓದಿದ್ದ ಅಷ್ಟೆ). ನಿಮ್ಮ ಪಾಯಿಂಟು ನಮಗೆ ಕೊಡಿ, ಒಂದು ವರ್ಷ ಒಂದು ದಿನ ಕಳೆದ ಮೇಲೆ 10,350 ಕೊರುನಾ ಕೊಡ್ತೀವಿ ಅಂತ ಜಾಹೀರಾತು. ಕೊಟ್ಟ 1,035ಕ್ಕೆ ಹತ್ತು ಪಟ್ಟು! ಅಲ್ಲಿವರೆಗೆ ಮಂದವಾಗಿದ್ದ ನೋಂದಣಿ ಕಚೇರಿಗಳ ಮುಂದೆ 1992ರ ಜನವರಿಯಲ್ಲಿ ಕ್ಯೂ. ಕಂಪನಿಗಳ ಲೆಕ್ಕಪುಸ್ತಕದಲ್ಲಿದ್ದ ಮೌಲ್ಯದ ಪ್ರಕಾರ ತಲೆಗೆ ಸುಮಾರು 35,000 ಕೊರುನಾದ ಆಸ್ತಿ ಬರುತ್ತಿದ್ದಾಗ 10,350 ಏನೇನೂ ದೊಡ್ಡ ಮಾತಲ್ಲ ಅನ್ನೋದು ಕ್ಯೂನಲ್ಲಿ ನಿಂತವರಿಗೆ ಹೊಳೆಯಲಿಲ್ಲ. ಕೊನೆಗೆ ಎಪ್ಪತ್ತು ಶೇಕಡಕ್ಕೂ ಹೆಚ್ಚು ಪಾಯಿಂಟು ಫಂಡ್‌ಗಳ ಕೈ ಸೇರಿತು.

ದೊಡ್ಡ ಫಂಡ್‌ಗಳಲ್ಲಿ ಬಹುಪಾಲು ಹುಟ್ಟುಹಾಕಿದ್ದು ಬ್ಯಾಂಕುಗಳು. ಆ ಬ್ಯಾಂಕುಗಳಲ್ಲಿ ದೊಡ್ಡ ಪಾಲು ಇನ್ನೂ ಸರ್ಕಾರದ್ದು. ಅಂದರೆ ಸರ್ಕಾರದ ಬ್ಯಾಂಕು, ಬ್ಯಾಂಕಿನ ಫಂಡು, ಫಂಡಿನ ಕಾರ್ಖಾನೆ, ಆ ಕಾರ್ಖಾನೆಗೆ ಸಾಲ ಕೊಟ್ಟದ್ದು ಮತ್ತೆ ಅದೇ ಬ್ಯಾಂಕು. ಸಾಲ ತೀರಿಸದಿದ್ದರೆ ದಿವಾಳಿ ಕೋರ್ಟಿಗೆ ಎಳೆಯೋರು ಯಾರು? ಎಳೆದರೆ ಮುಳುಗೋದು ತನ್ನದೇ ಫಂಡು. ಹಳೇ ಸಾಲ ಮುಚ್ಚಲು ಹೊಸ ಸಾಲ ಹುಟ್ಟಿತು.

ಇನ್ನು ‘ಟುನೆಲೊವಾನಿ’. ಸುರಂಗ ತೋಡೋದು ಅಂತ ಅರ್ಥ. ನಮ್ಮ ಮಾತಿನಲ್ಲಿ ಕನ್ನ ಕೊರೆಯೋದು ಅಂದರೆ ಹತ್ತಿರ, ಆದರೆ ಇಲ್ಲಿ ಒಳಗಿದ್ದವನೇ ಹೊರಕ್ಕೆ ಕೊರೆಯುತ್ತಾನೆ. ವಿಧಾನ ಸರಳ. ಫಂಡಿನ ವ್ಯವಸ್ಥಾಪಕ 100ಕ್ಕೆ ಹೋಗುವ ಷೇರನ್ನು ಸೈಪ್ರಸ್‌ನಲ್ಲಿರುವ ತನ್ನದೇ ಕಂಪನಿಗೆ 40ಕ್ಕೆ ಮಾರುತ್ತಾನೆ, ಆ ಕಂಪನಿ 100ಕ್ಕೆ ಮಾರುತ್ತೆ, 60 ಜೇಬಿಗೆ. ಇದು ಹೊರಗೆ ಕಾಣುತ್ತಿರಲಿಲ್ಲವಾ ಅಂದರೆ, ಇಲ್ಲ. ಷೇರುಗಳೆಲ್ಲ ನಮ್ಮ ಡಿಮ್ಯಾಟ್ ಥರ ಒಂದು ಕೇಂದ್ರದ ಖಾತೆಗಳಲ್ಲಿದ್ದವು. ಷೇರುಪೇಟೆಗೆ ಹೋಗದೆ ನೇರವಾಗಿ ಖಾತೆಯಿಂದ ಖಾತೆಗೆ ದಾಟಿಸಬಹುದಿತ್ತು, ನಿಜವಾದ ಬೆಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಫಂಡ್‌ಗಳ ಕಾನೂನು ಬಿಗಿಯಾಗುತ್ತೆ ಅಂತ ಗೊತ್ತಾದಾಗ, 1996ರಲ್ಲಿ, ಹಲವು ಫಂಡ್‌ಗಳು ಹೆಸರಿನ ಬೋರ್ಡು ಬದಲಿಸಿ, ಆ ಕಾನೂನಿಗೆ ಸಿಗದ ಮಾಮೂಲಿ ಹೋಲ್ಡಿಂಗ್ ಕಂಪನಿಗಳಾದವು. ಹಾರ್ವರ್ಡ್ ಕೂಡ. ಮರುವರ್ಷ ಮಾರ್ಚ್‌ನಲ್ಲಿ ಸಿ.ಎಸ್. ಫೋಂಡಿ ಎಂಬ ಗುಂಪಿನ ಫಂಡ್‌ಗಳಿಂದ 120 ಕೋಟಿ ಕೊರುನಾಕ್ಕೂ ಹೆಚ್ಚು ಹಣ ಹೊರಗೆ ಹೋಯಿತು.

1993ರ ಮೊದಲಲ್ಲಿ ದೇಶ ಜೆಕ್, ಸ್ಲೊವಾಕ್ ಅಂತ ಎರಡಾಯಿತು. ಜೆಕ್ ರಾಜಧಾನಿ ಪ್ರಾಗ್‌ನ ಷೇರುಪೇಟೆ ವಹಿವಾಟು ಶುರು ಮಾಡಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಅದನ್ನು ಕಾಯುವ ಸ್ವತಂತ್ರ ಆಯೋಗ ಬಂದದ್ದು 1998ರ ಏಪ್ರಿಲ್‌ನಲ್ಲಿ. ನಡುವಿನ ಐದು ವರ್ಷವೇ ನನ್ನ ಇಡೀ ತಕರಾರು. ಪೋಲೆಂಡನ್ನು ನೋಡಿ. 1991ರ ಮಾರ್ಚ್‌ನಲ್ಲಿ ಷೇರು ಕಾನೂನು ಮಾಡಿ ಆಯೋಗಕ್ಕೆ ಜಾಗ ಮಾಡಿಕೊಟ್ಟರು, ಏಪ್ರಿಲ್ 16ಕ್ಕೆ ವಾರ್ಸಾ ಷೇರುಪೇಟೆ ತೆರೆದರು, ಅದೂ ಹಳೇ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯಲ್ಲಿ, ಬರೀ ಐದು ಕಂಪನಿ ಇಟ್ಟುಕೊಂಡು. ಸಾಮೂಹಿಕ ಹಂಚಿಕೆಗೆ ಕೈಹಾಕಿದ್ದು 1995ರ ಕೊನೆಗೆ, ಅದೂ 512 ಕಂಪನಿಗಳಿಗೆ ಮಾತ್ರ. ಆಗ ‘ನಿಧಾನ’ ಅಂತ ಬೈಸಿಕೊಂಡರು.

ಕ್ಲೌಸ್ ಪರವಾಗಿ ಒಂದು ಮಾತು. ದೇಶದೊಳಗೆ ಬಂಡವಾಳ ಇರಲಿಲ್ಲ, ಮಾರಿದರೆ ಜರ್ಮನ್ನರು ಕೊಳ್ಳುತ್ತಾರೆ ಅನ್ನುವ ಭಯವಿತ್ತು, ತಡವಾದಷ್ಟೂ ಹಳೇ ಮ್ಯಾನೇಜರುಗಳು ತಾವೇ ದೋಚುವ ಅಪಾಯವಿತ್ತು. ಎಲ್ಲ ನಿಜ. ಆದರೆ 1991ರಲ್ಲೇ ಫೋಕ್ಸ್‌ವ್ಯಾಗನ್ ಕೈಗಿತ್ತ ಸ್ಕೋಡಾ ಏನಾಯಿತು ಅನ್ನೋದು ನಮ್ಮ ರಸ್ತೆಗಳಲ್ಲೇ ಕಾಣುತ್ತೆ. ದೋಚುವ ಅಪಾಯ ನಿಜವಾಗಿದ್ದರೆ ಕಾವಲು ಮೊದಲು ಬರಬೇಕಿತ್ತು.

ರಷ್ಯಾದ್ದು ಇದಕ್ಕಿಂತ ಒರಟು. 1992ರ ಅಕ್ಟೋಬರ್‌ನಿಂದ ಹಂಚಿದ 10,000 ರೂಬಲ್‌ನ ವೋಚರನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರಬಹುದಿತ್ತು. ಬೆಲೆಗಳು ತಿಂಗಳು ತಿಂಗಳಿಗೆ ಹಾರುತ್ತಿದ್ದಾಗ ಜನ ರಸ್ತೆಬದಿಯಲ್ಲೇ ಮಾರಿಬಿಟ್ಟರು. 1995ರ ಕೊನೆಗೆ ‘ಷೇರಿಗೆ ಸಾಲ’ ಯೋಜನೆ: ಸರ್ಕಾರ ಕಂಪನಿಗಳ ಷೇರು ಒತ್ತೆಯಿಟ್ಟು ಬ್ಯಾಂಕುಗಳಿಂದ ಸಾಲ ತೆಗೆಯೋದು. ನೊರಿಲ್ಸ್ಕ್ ನಿಕಲ್ ಎಂಬ ದೊಡ್ಡ ಗಣಿ ಕಂಪನಿಯ 38 ಶೇಕಡ ಪಾಲಿಗೆ ಹರಾಜು ನಡೆಸಿದ್ದು ಒನೆಕ್ಸಿಂ ಬ್ಯಾಂಕ್, ಗೆದ್ದದ್ದೂ ಅದರದೇ ಕಡೆ, 17 ಕೋಟಿ ಡಾಲರಿನ ಆರಂಭಿಕ ಬೆಲೆಗಿಂತ ಕೂದಲೆಳೆಯಷ್ಟು ಮೇಲೆ. ಅದರ ಎರಡು ಪಟ್ಟು ಕೂಗಿದ ಇನ್ನೊಂದು ಬ್ಯಾಂಕನ್ನು ಅನರ್ಹಗೊಳಿಸಿದರು.

ಜೆಕ್ ಬಿಲ್ಲು ಆಮೇಲೆ ಬಂತು. 1997ರ ಮೇನಲ್ಲಿ ಕೊರುನಾ ಕುಸಿಯಿತು, ನವೆಂಬರ್‌ನಲ್ಲಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಕ್ಲೌಸ್ ಅವರ ಸರ್ಕಾರ ಪಕ್ಷದ ದೇಣಿಗೆ ಹಗರಣದಲ್ಲಿ ಬಿತ್ತು. ಬ್ಯಾಂಕುಗಳ ವಸೂಲಾಗದ ಸಾಲವನ್ನು ತೆರಿಗೆದಾರರ ತಲೆಗೆ ಕಟ್ಟಿ, ಗುಡಿಸಿ ಸಾರಿಸಿ, ಒಂದೊಂದಾಗಿ ವಿದೇಶಿಯರಿಗೆ ಮಾರಿದರು: 1999ರಲ್ಲಿ ಬೆಲ್ಜಿಯಂಗೆ, 2000ದಲ್ಲಿ ಆಸ್ಟ್ರಿಯಾಕ್ಕೆ, 2001ರಲ್ಲಿ ಫ್ರಾನ್ಸ್‌ಗೆ. ಯಾವುದನ್ನು ತಪ್ಪಿಸಲು ಕೂಪನ್ ತಂದರೋ ಅದೇ.

ಮೊಕದ್ದಮೆಗಳು ಮಾತ್ರ ಎಳೆಯುತ್ತಲೇ ಇದ್ದವು. 2013ರ ಜನವರಿ 1ರಂದು, ಆಗ ಅಧ್ಯಕ್ಷರಾಗಿದ್ದ ಅದೇ ಕ್ಲೌಸ್ ಕ್ಷಮಾದಾನ ಘೋಷಿಸಿದರು. ಎಂಟು ವರ್ಷಕ್ಕಿಂತ ಹಳೆಯದಾದ, ಹತ್ತು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳು ಅಲ್ಲಿಗೇ ನಿಂತವು, ದೊಡ್ಡ ಆರ್ಥಿಕ ಅಪರಾಧಗಳದ್ದೂ ಸೇರಿ. ಆ ವಾರ ಎಷ್ಟೋ ಶಾಲೆ ಮತ್ತು ಪುರಸಭೆಗಳಲ್ಲಿ ಅಧ್ಯಕ್ಷರ ಫೋಟೋವನ್ನು ಗೋಡೆಯಿಂದ ಇಳಿಸಿದರು.