ಸತ್ಯಾಂಶ: ಆಕ್ಸ್ ವೈರಿನಿಂದ ಫೋನ್ ಸುಡುತ್ತದೆಯೇ?

ಕಾರಿನ ಸ್ಟೀರಿಯೋಗೆ ಆಕ್ಸ್ ವೈರಿನಿಂದ (ಫೋನಿನ ಹಾಡನ್ನು ಸ್ಟೀರಿಯೋಗೆ ಒಯ್ಯುವ ತಂತಿ) ಮೊಬೈಲ್ ಜೋಡಿಸಿದರೆ ಬ್ಯಾಟರಿಯ 12 ವೋಲ್ಟ್ ಫೋನಿಗೆ ನುಗ್ಗುತ್ತದೆ, ಚಾರ್ಜಿಗೆ ಹಾಕಿದಾಗ ಕೇಳುವ ‘ಗುಂಯ್’ ಸದ್ದೇ ಸಾಕ್ಷಿ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ತಪ್ಪು.

ಆಕ್ಸ್ ಎಂಬುದು ಸ್ಟೀರಿಯೋದ ಕಿವಿ, ಬಾಯಿಯಲ್ಲ. ಸಂಕೇತ ಫೋನಿನಿಂದ ಅತ್ತ ಹೋಗುತ್ತದೆ; ಅದೂ ಸುಮಾರು ಒಂದು ವೋಲ್ಟಿನ ಆಸುಪಾಸು.

ಸದ್ದು ಮಾತ್ರ ನಿಜ. ಕೇಳಿದವರು ಗಾಬರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಚಾರ್ಜರ್ ಮತ್ತು ಆಕ್ಸ್ ಎರಡರ ಗ್ರೌಂಡ್ ತಂತಿಗಳೂ (ವಿದ್ಯುತ್ ಮರಳುವ ತಂತಿಗಳು) ಕಾರಿಗೆ ಸೇರಿದಾಗ ಒಂದು ಸುತ್ತು ಏರ್ಪಟ್ಟು, ಎಂಜಿನ್ ಜೊತೆ ತಿರುಗಿ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್‌ನ ಗದ್ದಲ ಹಾಡಿನೊಳಗೆ ನುಸುಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರವೂ ಏರುತ್ತದೆ. ಚಾರ್ಜರ್ ಕಿತ್ತು ನೋಡಿ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಚಾರ್ಜ್ ಮಾಡುತ್ತಲೇ ಹಾಡು ಕೇಳಬೇಕಿದ್ದರೆ, ಈ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಆಕ್ಸ್ ವೈರಿನ ನಡುವೆ ಹಾಕಬಹುದು.

ಮನೆಯಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ನೀವೇ ಅಳೆಯಿರಿ. ಸ್ಟೀರಿಯೋ ಚಾಲೂ ಮಾಡಿ, ಫೋನಿನಿಂದ ಬಿಡಿಸಿದ 3.5 ಮಿ.ಮೀ. ಪಿನ್ನಿನ ತುದಿಗೆ ಮೀಟರಿನ ಒಂದು ಕಡ್ಡಿ, ಬುಡಕ್ಕೆ ಇನ್ನೊಂದನ್ನು ತಾಗಿಸಿ. ಡಿಸಿ ವೋಲ್ಟ್ ಸೊನ್ನೆಯ ಹತ್ತಿರವೇ ಇರುತ್ತದೆ.

ಆಕ್ಸ್ ಕಿಂಡಿಯಿಲ್ಲದ ಹಳೆಯ ಸ್ಟೀರಿಯೋದ ಸ್ಪೀಕರ್ ತಂತಿಗೆ ಫೋನಿನ ವೈರನ್ನು ಹೊಸೆಯುವುದು ಮಾತ್ರ ಬೇರೆ ವಿಷಯ. ಅಲ್ಲಿ ಆಂಪ್ಲಿಫೈಯರ್‌ನ ಶಕ್ತಿ ಹೊರಬರುತ್ತಿರುತ್ತದೆ, ಫೋನ್ ಕೆಡಬಹುದು.