ನನ್ನ ವಾಕಿಂಗಿನ ಲೆಕ್ಕ

ಕಾರವಾರದ ಕಡಲತೀರದಲ್ಲಿ ಬೆಳಿಗ್ಗೆ ಆರಕ್ಕೆ ನಡೆಯುವವರಿಗೆಲ್ಲ ನನ್ನ ಮುಖ ಪರಿಚಿತ. ನೀಲಿ ಟೀ ಶರ್ಟು, ತಲೆಗೊಂದು ಟೊಪ್ಪಿ, ಮೆರವಣಿಗೆಯಲ್ಲಿ ಹೊರಟವನಂತೆ ಕೈ ಬೀಸುವ ಅಭ್ಯಾಸ. ಏಳು ವರ್ಷ ಹೆಚ್ಚುಕಡಿಮೆ ತಪ್ಪಿಸಿದವನಲ್ಲ. ಮಳೆಗಾಲದಲ್ಲಿ ತೀರಕ್ಕೆ ಇಳಿಯಲಾಗದಿದ್ದರೆ ಒಳಾಂಗಣದಲ್ಲಿ ಶಟಲ್. ಎಲ್ಲ ಮುಗಿದ ಮೇಲೆ ಗೆಳೆಯರೊಂದಿಗೆ ಒಂದು ಬನ್ಸ್, ಒಂದು ಚಹಾ. (ಕರಗಿಸಿದ್ದನ್ನು ಹೋಟೆಲಿನಲ್ಲಿಯೇ ತುಂಬಿಕೊಂಡು ಬರುತ್ತಿದ್ದೆ ಎಂಬುದು ಬೇರೆ ಮಾತು.) "ಆಟಿಸಂ ಇರುವ ಮಗುವನ್ನು ನೋಡಿಕೊಂಡೂ ಆರೋಗ್ಯ ಹೇಗೆ ಕಾಪಾಡಿಕೊಂಡಿದ್ದೀರಿ ಮಾರಾಯರೇ!" ಎಂದು ಯಾರಾದರೂ ಹೊಗಳಿದರೆ, "ಮನಸ್ಸು ಮಾಡಿದರೆ ಸಮಯ ಸಿಗುತ್ತದೆ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಎರಡು ವರ್ಷಗಳ ಹಿಂದೆ ಇಲ್ಲಿಯೇ ಅದನ್ನು ಬರೆದೂ ಇದ್ದೆ. ಇನ್ನೂರಕ್ಕಿಂತ ಹೆಚ್ಚು ಲೈಕು ಬಂದಿತ್ತು. ನಿನ್ನೆ ಅದನ್ನು ಅಳಿಸಿ ಹಾಕಿದೆ.

ಕಳೆದ ನವೆಂಬರಿನಲ್ಲಿ ಹೆಂಡತಿಯ ರಕ್ತಪರೀಕ್ಷೆ ಮಾಡಿಸಿದೆವು. ತಲೆಸುತ್ತು ಎಂದು ತಿಂಗಳಿಂದ ಹೇಳುತ್ತಿದ್ದಳು. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಶೇಕಡಾ 6.1 ಬಂತು. 5.7 ಆದರೆ ಎಚ್ಚರಿಕೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅವಳಿಗೆ ಈಗ 39. ವೈದ್ಯರು ಔಷಧವನ್ನೇನೂ ಬರೆಯಲಿಲ್ಲ. ಚೀಟಿಯಲ್ಲಿ ಒಂದೇ ಸಾಲು: ದಿನಕ್ಕೆ 30 ನಿಮಿಷ ನಡಿಗೆ. ಸ್ಕೂಟರಿನ ಹಿಂದೆ ಕುಳಿತು ಅದನ್ನು ಓದಿದವಳು ಕೇಳಿದಳು, "ಈ ಮಾತ್ರೆ ಯಾವ ಅಂಗಡಿಯಲ್ಲಿ ಸಿಗುತ್ತದೆ?"

ನಾನು ನಕ್ಕೆ. ಅವಳು ನಗಲಿಲ್ಲ.

ಮಗನಿಗೆ, ನಮ್ಮ ಮಾಣಿಗೆ, ಹತ್ತು ವರ್ಷ. ಆಟಿಸಂ ಇದೆ. ಆಡುವ ಮಾತು ಹದಿನೈದಿಪ್ಪತ್ತು ಶಬ್ದ. ಅವುಗಳಲ್ಲಿ 'ನೀರು' ಮೊದಲನೆಯದು. ನಿದ್ದೆ ಕಡಿಮೆ. ನಾಲ್ಕೂವರೆಗೆ ಏಳುತ್ತಾನೆ, ಕೆಲವು ದಿನ ಮೂರಕ್ಕೇ. ಎದ್ದವನು ಸುಮ್ಮನಿರುವವನಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ, ಅಪಾಯದ ಅರಿವು ಕಡಿಮೆ. ನಾವಿರುವುದೋ ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಮುಂಬಾಗಿಲಿನ ಮೇಲ್ಭಾಗಕ್ಕೆ ಇನ್ನೊಂದು ಚಿಲಕ ಹಾಕಿಸಿದೆವು. ಅವನು ಕುರ್ಚಿ ಎಳೆದು ಹತ್ತುವುದನ್ನು ಕಲಿತ. ಹೀಗೆ ಏಳು ವರ್ಷಗಳಿಂದ ಮನೆಯಲ್ಲಿ ಒಬ್ಬರು ಆ ಚಿಲಕವನ್ನು ಕಾಯುತ್ತಲೇ ಇದ್ದಾರೆ. ಆ ಒಬ್ಬರು ಯಾರು ಎಂದು ನಾನು ಕೇಳಿಕೊಂಡಿರಲಿಲ್ಲ.

ಆ ರಾತ್ರಿ ಲೆಕ್ಕ ಹಾಕಿದೆ. ನಾನು ಕಚೇರಿಯ ಗುಮಾಸ್ತ, ಕೂಡಿ ಕಳೆಯುವುದೇ ಕಸುಬು. ದಿನಕ್ಕೆ 50 ನಿಮಿಷ, ವಾರಕ್ಕೆ ಆರು ದಿನ ಎಂದರೆ 300 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ. ಮೇಲಿನ ಮಿತಿಯನ್ನು ನಾನು ಮುಟ್ಟಿದ್ದೆ. ಏಳು ವರ್ಷಕ್ಕೆ 1,820 ಗಂಟೆ. ಹಗಲು ರಾತ್ರಿ ಸೇರಿಸಿ ಎಪ್ಪತ್ತೈದು ದಿನಕ್ಕೂ ಹೆಚ್ಚು. ಬನ್ಸಿನ ಹೊತ್ತನ್ನು ಹಿಡಿದಿಲ್ಲ. ಅವಳ ಕಾಲಂನಲ್ಲಿ ಸೊನ್ನೆ. ನನಗೆ ಸಮಯ 'ಸಿಕ್ಕಿದ್ದು' ಎಲ್ಲಿಂದ ಎಂದು ಆಗ ಗೊತ್ತಾಯಿತು. ಅದು ಮನಸ್ಸು ಮಾಡಿದ್ದರಿಂದ ಸಿಕ್ಕಿದ್ದಲ್ಲ. ಪಕ್ಕದ ಗದ್ದೆಯ ನೀರನ್ನು ರಾತ್ರೋರಾತ್ರಿ ನಮ್ಮ ಗದ್ದೆಗೆ ತಿರುಗಿಸಿಕೊಂಡು, ನಮ್ಮ ಬೆಳೆ ಹೇಗಿದೆ ನೋಡಿ ಎನ್ನುವವರಿರುತ್ತಾರಲ್ಲ, ಆ ಜಾತಿಯ ವ್ಯಾಯಾಮ ನನ್ನದು.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ನಮ್ಮ ಆಯಿ ಕೇಳಿದರು. ಅವರು ಶಿರಸಿ ಕಡೆಯ ತೋಟದ ಮನೆಯಲ್ಲಿ ಬಾವಿ ನೀರು ಸೇದಿ, ಕೊಟ್ಟಿಗೆ ಬಳಿದು ಬೆಳೆದವರು. ಅವರಿಗೆ ಹಾಗೆ ಅನ್ನಿಸುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯೂ ಮನೆಗೆಲಸವನ್ನು ಚಟುವಟಿಕೆ ಎಂದೇ ಎಣಿಸುತ್ತದೆ. ಎಣಿಸಲಿ. ಆದರೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವಳ ನಡಿಗೆ ಎಂದರೆ ನಾಲ್ಕು ಹೆಜ್ಜೆ, ನಿಲ್ಲು, ಬಗ್ಗು, ಹಿಡಿ, ಮತ್ತೆ ನಾಲ್ಕು ಹೆಜ್ಜೆ. ಕಿವಿ ಸದಾ ಚಿಲಕದ ಮೇಲೆ. ಉಸಿರು ಏರುವುದು ನಡಿಗೆಯಿಂದಲ್ಲ, ಹೆದರಿಕೆಯಿಂದ.

"ಮಗುವನ್ನೂ ಕರೆದುಕೊಂಡು ಹೋಗಿ, ಅವನಿಗೂ ಒಳ್ಳೆಯದು" ಎನ್ನುವವರು ಇನ್ನೊಂದು ಪಂಗಡ. ಅವನಿಗೆ ಒಳ್ಳೆಯದು ಎಂಬುದು ನಿಜ. ಕರೆದುಕೊಂಡು ಹೋದೆವು. ಟಾಗೋರ್ ತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯ ಹತ್ತಿರ ಕೈ ಸಡಿಲವಾಗಿದ್ದೇ ತಡ, ಮಾಣಿ ಅಲೆಗಳತ್ತ ಓಡಿದ. ಸೀರೆ ಎತ್ತಿಕೊಂಡು ಅವಳು ಓಡಿದಳು. ಹಿಂದಿನಿಂದ ನಾನು. ಏಳು ವರ್ಷ ಬೆವರು ಸುರಿಸಿದ ನನಗಿಂತ ಮುಂಚೆ ಅವನನ್ನು ಹಿಡಿದವಳು ಅವಳೇ. ವ್ಯಾಯಾಮವಾಯಿತು, ಸರಿ. ಆದರೆ ವಾರಕ್ಕೆ ಐದು ದಿನ ಅಂಥದ್ದನ್ನು ಮಾಡಿಸಿ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ಮಾಣಿಯ ಓಟವೇ ಬೇರೆ, ಅವಳ ನಡಿಗೆಯೇ ಬೇರೆ. ಒಬ್ಬರ ಕಣ್ಣು ಅವನ ಮೇಲಿರಬೇಕು. ನಡೆಯುವ ಇನ್ನೊಬ್ಬರಿಗೆ ಆ ಕಣ್ಣಿನ ಮೇಲೆ ನಂಬಿಕೆ ಇರಬೇಕು.

ಈ ನಂಬಿಕೆಯ ವಿಷಯಕ್ಕೆ ಬಂದಾಗ ನಾನು ಮುಗ್ಗರಿಸಿದೆ. ಡಿಸೆಂಬರಿನಿಂದ ಬೆಳಗಿನ ಪಾಳಿ ನನ್ನದು ಎಂದು ಘೋಷಿಸಿಬಿಟ್ಟೆ. ಮೊದಲ ದಿನ ಅವಳು ಹದಿನೈದು ನಿಮಿಷದಲ್ಲಿ ಮೂರು ಸಲ ಫೋನ್ ಮಾಡಿ, ಹದಿನಾರನೆಯ ನಿಮಿಷಕ್ಕೆ ಬಾಗಿಲಲ್ಲಿ ನಿಂತಿದ್ದಳು. ಮಾಣಿ ನೆಲಕ್ಕೆ ತಲೆ ಜಜ್ಜಿಕೊಳ್ಳುತ್ತಿದ್ದ, ನಾನು ಅವನ ತಲೆಯ ಕೆಳಗೆ ದಿಂಬು ತೂರಿಸುತ್ತಿದ್ದೆ, ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ಅವನಿಗೆ ಬೆಳಗಿನ ದೋಸೆ ಎಂದರೆ ಅಂಚು ಬಾಗಿದ ಸ್ಟೀಲ್ ತಟ್ಟೆಯಲ್ಲಿ, ನಾಲ್ಕು ತುಂಡು ಮಾಡಿ, ಬೆಲ್ಲ ಬಲಗಡೆಗೆ. ನಾನು ಎಡಗಡೆಗೆ ಇಟ್ಟಿದ್ದೆ. ಹತ್ತು ವರ್ಷದ ಮಗನ ತಂದೆಗೆ ಬೆಲ್ಲ ಯಾವ ಕಡೆ ಎಂಬುದು ಗೊತ್ತಿರಲಿಲ್ಲ. "ಸಹಾಯ ಮಾಡುತ್ತೇನೆ" ಎಂದು ಎದೆಯುಬ್ಬಿಸಿ ಹೊರಡುವ ಗಂಡಸರಿಗೆ ಇದನ್ನು ಹೇಳಬೇಕೆನಿಸುತ್ತದೆ: ಮೊದಲು ಬೆಲ್ಲದ ಕಡೆ ಕಲಿಯಿರಿ. ಕೆಲಸ ಗೊತ್ತಿಲ್ಲದವನ ಕೈಗೆ ಮಗುವನ್ನು ಕೊಟ್ಟು ಯಾವ ತಾಯಿಯೂ ನಿಶ್ಚಿಂತೆಯಿಂದ ಮೂರು ಕಿಲೋಮೀಟರ್ ನಡೆಯಲಾರಳು.

ಉಪಾಯ ಹೇಳಿಕೊಟ್ಟವರು ಹುಬ್ಬಳ್ಳಿಯ ಥೆರಪಿಸ್ಟ್. ತಿಂಗಳಿಗೊಮ್ಮೆ ಅರಬೈಲ್ ಘಟ್ಟ ಹತ್ತಿ ಅಲ್ಲಿಗೆ ಹೋಗುತ್ತೇವೆ. ಘಟ್ಟದ ತಿರುವುಗಳಲ್ಲಿ ಮಾಣಿ ವಾಂತಿ ಮಾಡದೆ ಹೋದ ದಿನವಿಲ್ಲ. ಮಾತಿಗಿಂತ ಚಿತ್ರ ಅವನಿಗೆ ಬೇಗ ತಿಳಿಯುತ್ತದೆ, ಆದ್ದರಿಂದ ಬೆಳಗಿನ ಕ್ರಮವನ್ನೇ ಚಿತ್ರದಲ್ಲಿ ತೋರಿಸಿ ಎಂದರು ಅವರು. ಗೋಡೆಗೆ ಐದು ಫೋಟೋ ಅಂಟಿಸಿದೆವು: ಅವಳ ಬೂಟು, ಸಮುದ್ರ, ಅಪ್ಪ ಮತ್ತು ದೋಸೆ, ಬಾಗಿಲಲ್ಲಿ ನಿಂತ ಅಮ್ಮ, ಅಮ್ಮನ ಕೈಯಲ್ಲಿ ಅವನ ಕೈ. ಮೊದಲ ವಾರ ಆ ಫೋಟೋಗಳನ್ನು ಹರಿದು ಹಾಕಿದ. ಮತ್ತೆ ಅಂಟಿಸಿದೆವು. ಮೂರನೆಯ ವಾರದಲ್ಲಿ ಒಂದು ದಿನ, ಆರಕ್ಕೆ ಐದು ನಿಮಿಷವಿರುವಾಗ, ಅವನೇ ಬೂಟು ತಂದು ಅವಳ ಕಾಲ ಬುಡದಲ್ಲಿಟ್ಟ.

ಅವಳು ಆರಂಭಿಸಿದ್ದು ಹತ್ತು ನಿಮಿಷದಿಂದ. ವ್ಯಾಯಾಮ ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಎಂಬ ನಿಯಮ ಹಿಂದೆ ಇತ್ತು; 2020ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಎಷ್ಟು ಚಿಕ್ಕದಾದರೂ ಲೆಕ್ಕಕ್ಕೆ ಬರುತ್ತದೆ. ಒಳ್ಳೆಯ ಸುದ್ದಿಯೇ. ಆದರೂ ನನಗೊಂದು ಅನುಮಾನ: 'ಕುಕ್ಕರ್ ಕೂಗುವಷ್ಟರಲ್ಲಿ ನಾಲ್ಕು ಬಸ್ಕಿ ಹೊಡೆಯಿರಿ' ಎನ್ನುವ ವಿಡಿಯೋಗಳೆಲ್ಲ ಇಂಥ ತಾಯಂದಿರ ಕಡೆಗೇ ಯಾಕೆ ಬರುತ್ತವೆ? ಅಡುಗೆಮನೆಯ ಬಾಗಿಲಿನಾಚೆ ಅವರಿಗೆ ಮುಕ್ಕಾಲು ಗಂಟೆ ಕೊಡಲಾಗದವರು ಕಂಡುಕೊಂಡ ಉಪಾಯವಿರಬೇಕು. ನನಗಂತೂ ಯಾರೂ ಕುಕ್ಕರಿನ ಪಕ್ಕ ಬಸ್ಕಿ ಹೊಡೆ ಎಂದಿರಲಿಲ್ಲ.

ಎಂಟನೆಯ ತರಗತಿಯ ಮಗಳಿದ್ದಾಳೆ. ತಾನೂ ನೋಡಿಕೊಳ್ಳುತ್ತೇನೆ ಎಂದಳು. ಬೇಡ ಎಂದೆವು. ಅವಳಿಗೆ ಅವಳ ಬೆಳಗು ಇರಲಿ.

ಗಂಡನೇ ಇಲ್ಲದ, ಇದ್ದೂ ಊರಲ್ಲಿಲ್ಲದ ತಾಯಂದಿರು ಏನು ಮಾಡಬೇಕು? ನನ್ನ ಪಶ್ಚಾತ್ತಾಪದಿಂದ ಅವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆಟಿಸಂ ಸೇರಿ 21 ವೈಕಲ್ಯಗಳನ್ನು ಹೆಸರಿಸಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಅದರಲ್ಲಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ನಮ್ಮ ಮಾಣಿಗಿದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ. ಅದು ಮಗುವಿಗೆ, ಅವನನ್ನು ಕಾಯುತ್ತ ಸಕ್ಕರೆ ಏರಿಸಿಕೊಂಡವಳಿಗಲ್ಲ. ಪಾಲಕರಿಗೆ ಬಿಡುವು ಸಿಗಲೆಂದು ಅದೇ ನ್ಯಾಸ 'ಸಮರ್ಥ್' ಎಂಬ ಯೋಜನೆಯನ್ನೂ ಮಾಡಿದೆ. ನಮ್ಮ ಬೀದಿಗೆ ಅದರ ನೆರಳು ಬಿದ್ದಿಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಿದ್ದೇವೆ, ನಾನೂ ಕೂಗಿದ್ದೇನೆ, ಬೇಕೇ ಬೇಕು. ಅದರ ಜೊತೆಗೆ, ತರಬೇತಿ ಇರುವ ಇಬ್ಬರು, ಬೇಲಿ ಇರುವ ಒಂದು ಅಂಗಳ, ದಿನಕ್ಕೆ ಎರಡು ಗಂಟೆ ಮಗುವನ್ನು ಬಿಟ್ಟು ಬರಬಹುದಾದ ಜಾಗ, ತಾಲೂಕಿಗೆ ಒಂದಾದರೂ ಬೇಕು ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಅಂಥ ಜಾಗ ಮನೆಯಲ್ಲಿಯೇ ಇತ್ತಲ್ಲ.

ಅವಳೀಗ ನಲವತ್ತು ನಿಮಿಷ ನಡೆಯುತ್ತಾಳೆ. ಗೆಳತಿಯರಾಗಿದ್ದಾರೆ. ಬನ್ಸನ್ನೂ ಕಂಡುಹಿಡಿದಿದ್ದಾಳೆಂಬ ಗುಮಾನಿ ಇದೆ. ವಿಚಾರಿಸುವ ಅಧಿಕಾರ ನನಗಿಲ್ಲ. ನಾನು ಸಂಜೆ ಕಚೇರಿಯಿಂದ ನಡೆದು ಬರುತ್ತೇನೆ, ವಾರದಲ್ಲಿ ನಾಲ್ಕು ದಿನ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ.

ಜೂನ್ ಮೊದಲ ವಾರದಲ್ಲಿ ನಮ್ಮ ಕಡೆಯ ಮಳೆ ಹಿಡಿಯಿತು. ಬೆಳಿಗ್ಗೆ ಆರಕ್ಕೆ ಹೊರಗೆ ಮೋಡದ ಕತ್ತಲು, ಹಂಚಿನ ಮೇಲೆ ನೀರಿನ ಅಬ್ಬರ. ಸದ್ಯ, ಇವತ್ತು ರಜೆ ಎಂದು ಅವಳು ಹೊದಿಕೆ ಎಳೆದುಕೊಂಡಳು. ಮಾಣಿ ಬೂಟು ತಂದ. "ಮಳೆ, ಮಗಾ" ಎಂದಳು. ಅವನು ಗೋಡೆಯ ಫೋಟೋಗಳನ್ನು ನೋಡಿದ. ಅಲ್ಲಿ ಮಳೆಯ ಚಿತ್ರವಿಲ್ಲ. ಅವಳ ಪಾದವನ್ನು ಹೊದಿಕೆಯಿಂದ ಹೊರಗೆಳೆದು ಬೂಟಿನೊಳಗೆ ತುರುಕತೊಡಗಿದ, ಬಲಗಾಲಿನದನ್ನು ಎಡಗಾಲಿಗೆ. ಕೊನೆಗೆ ಎದ್ದಳು. ಮನೆ ಮಾಲೀಕರ ಉದ್ದನೆಯ ಜಗುಲಿಯಲ್ಲಿ, ಇರಚಲಿಗೆ ಅರ್ಧ ನೆನೆಯುತ್ತ, ಈ ತುದಿಯಿಂದ ಆ ತುದಿಗೆ ನಲವತ್ತು ನಿಮಿಷ ನಡೆದಳು. ಒಳಗೆ ನಾವಿಬ್ಬರು ದೋಸೆ ತಿಂದೆವು. ಬೆಲ್ಲ ಬಲಗಡೆಗಿತ್ತು.